ದೊಡ್ಡಪ್ಪ ಹೋದ, ಚಿಕ್ಕಪ್ಪ ಬಂದ

ಸಾಲಗಾಮೆ ರಸ್ತೆ, ಹಾಸನ
೧೨ ಜೂನ್ ೨೦೦೭

ಪ್ರಿಯ ಕಾಂತರಾಜು,

ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಬೋಧಿಸುವ, ನಲವತ್ತೇಳು ವರ್ಷ ವಯಸ್ಸಿನ, ಈವರೆಗೆ ಯಾವ ಪೊಲೀಸ್ ಠಾಣೆಯ ಮೆಟ್ಟಿಲನ್ನೂ ತುಳಿಯದ ವರದರಾಜನೆಂಬ ನಾನು, ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸ್ಥ ಮನಸ್ಸಿನಿಂದ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ, ನನ್ನ ಹೆತ್ತ ತಾಯಿ ಅಂಬುಜಮ್ಮನವರು ಸ್ನಾನಕ್ಕೆ ಹೋಗಿದ್ದ ಸಮಯ ಸಾಧಿಸಿ, ದೇವರ ಮನೆಯ ಬೆತ್ತದ ಬುಟ್ಟಿಯಿಂದ ಇನ್ನೂರು ಹೂಬತ್ತಿಗಳನ್ನು ಕದ್ದಿದ್ದೇನೆ.

ಅಮ್ಮ ಲಕ್ಷ ಬತ್ತಿಯ ಹರಕೆ ಹೊತ್ತಿರುವುದು ನಿನಗೆ ಗೊತ್ತು. ಹತ್ತಿ ಬಿಡಿಸಿ, ಹೊಸೆದು, ನೂರಕ್ಕೊಂದು ಕಂತೆ ಕಟ್ಟಿ ಬುಟ್ಟಿಗೆ ಹಾಕುತ್ತಾಳೆ. ಅಂದಿಗೆ ನಲವತ್ತೊಂದು ಸಾವಿರದ ಮುನ್ನೂರು ಆಗಿತ್ತು. ಅವಳ ಲಕ್ಷ್ಯವೆಲ್ಲ ಲಕ್ಷದ ಮೇಲಿರುವಾಗ ಇನ್ನೂರು ಹೋದದ್ದು ಯಾರಿಗೆ ತಿಳಿದೀತು ಅಂದುಕೊಂಡೆ.

ಅಪರಾಧದ ಉದ್ದೇಶ, ದೊಡ್ಡಪ್ಪ. ಆರು ವರ್ಷದ ಹಿಂದೆ ಇಲ್ಲಿಯ ಕಂಪ್ಯೂಟರ್ ತರಬೇತಿ ಕೇಂದ್ರವೊಂದು ಬಾಗಿಲು ಹಾಕಿದಾಗ ಹರಾಜಿನಲ್ಲಿ ತಂದೆನಲ್ಲ, ಅದೇ ಸರ್ವರ್. ಸರ್ವರೂ ಬೇಡವೆಂದದ್ದು ನನ್ನ ಪಾಲಿಗೆ ಬಂತು. ಮೂವತ್ತೆಂಟು ಕೆ.ಜಿ. ಕಬ್ಬಿಣ, ಐದು ಡಿಸ್ಕು, ನಾಲ್ಕು ಫ್ಯಾನು. ನನ್ನ ಪಾಠದ ಟಿಪ್ಪಣಿ, ಕಾಲೇಜು ವಾರ್ಷಿಕೋತ್ಸವದ ಭಾಷಣಗಳು, ಮದುವೆ ಮುಂಜಿಯ ಫೋಟೋಗಳು, ನಿಮ್ಮ ತಮ್ಮಯ್ಯ ಮೇಷ್ಟ್ರ ನಲವತ್ತೊಂದು ಕ್ಯಾಸೆಟ್ಟಿನ ಹಾರ್ಮೋನಿಯಂ ಪಾಠ, ಎಲ್ಲವೂ ಅವನ ಹೊಟ್ಟೆಯಲ್ಲೇ ಇರುವುದು. ಆ ಹೊಟ್ಟೆ ಹಗಲಿರುಳು ಗುಡುಗುತ್ತದೆಂದು ಹಂಸಳ ದೂರು. "ರೀ, ನಾನು ಮಿಕ್ಸಿ ಹಾಕಿದ್ದೀನೋ ಆರಿಸಿದ್ದೀನೋ ನನಗೇ ತಿಳಿಯಲ್ಲ. ಒಂದೋ ನಿಮ್ಮ ದೊಡ್ಡಪ್ಪ ಇರಲಿ, ಇಲ್ಲ ನಾನಿರ್ತೀನಿ" ಅಂದಳು. ಅಷ್ಟೇನೂ ಸದ್ದಿಲ್ಲವಲ್ಲೇ ಅಂದೆ. ಅತ್ತೆ ಸೊಸೆ ಇಬ್ಬರೂ ನನ್ನ ಮುಖವನ್ನೇ ನೋಡಿದರು.

ಹಾಗಾಗಿ ಹತ್ತಿಯಿಟ್ಟು ಸದ್ದಡಗಿಸಲು ಹೊರಟೆ. ಅಮ್ಮನಿಗೂ ಬತ್ತಿ ಇಟ್ಟೆ, ದೊಡ್ಡಪ್ಪನಿಗೂ ಬತ್ತಿ ಇಟ್ಟೆ. ಎರಡು ಗಂಟೆಯಲ್ಲಿ ಫ್ಯಾನುಗಳಿಗೆ ಉಸಿರುಕಟ್ಟಿ, ದೊಡ್ಡಪ್ಪ ಕಾದು ತಾನಾಗಿಯೇ ನಿಂತ. ಸುಟ್ಟ ಹತ್ತಿಯ ವಾಸನೆ ನಡುಮನೆಗೆಲ್ಲ ಹಬ್ಬಿತು. "ಯಾರೋ ದೀಪ ಶಾಂತ ಮಾಡಿದ್ದು?" ಎನ್ನುತ್ತ ಬಂದ ಅಮ್ಮ, ಫ್ಯಾನಿನ ಬಾಯಲ್ಲಿ ತನ್ನ ಬತ್ತಿಗಳನ್ನು ಕಂಡಳು. ಶಿಕ್ಷೆ: ಇನ್ನೂರು ಬತ್ತಿಯನ್ನೂ ನಾನೇ ಹೊಸೆದು ಕೊಡಬೇಕು. ಹೊಸೆದೆ. "ಇದು ಬತ್ತಿಯಲ್ಲ, ಗಟ್ಟಿ ಅವಲಕ್ಕಿ" ಎಂದು ತಿರಸ್ಕರಿಸಿದ್ದಾಳೆ.

ಡಿಸ್ಕುಗಳಿಗೆ ಏನೂ ಆಗಿಲ್ಲ, ಹೆದರಬೇಡ. ಆದರೆ ತೀರ್ಮಾನಿಸಿದ್ದೇನೆ. ದೊಡ್ಡಪ್ಪನನ್ನು ಕಳಿಸಿ ಚಿಕ್ಕಪ್ಪನೊಬ್ಬನನ್ನು ತರುವುದು. ಪುಟ್ಟದು, ಫ್ಯಾನಿಲ್ಲದ್ದು, ಕರೆಂಟು ಕುಡಿಯದ್ದು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮೂರಿನ ಲೈನು ಕೆಟ್ಟಿದೆ, ನೀನು ಹೇಳುವುದು ಗುಡ್ಡದಾಚೆಯಿಂದ ಗೊಣಗಿದ ಹಾಗಿರುತ್ತದೆ. ನಮಗೆ ಕಾಗದವೇ ಸರಿ.

ಬತ್ತಿಗಳ್ಳ,
ವರದ


ಹಳ್ಳಿಮೈಸೂರು
೨೧ ಜೂನ್ ೨೦೦೭

ಲೇ ವರದ,

ನಿನಗೆ ಅಮ್ಮನವರು ಕೊಟ್ಟ ಶಿಕ್ಷೆ ಸಾಲದು. ನಮ್ಮ ಹೈಸ್ಕೂಲಲ್ಲಿ ಸಿಕ್ಕಿಬಿದ್ದಿದ್ದರೆ ಈ ಡ್ರಿಲ್ ಮೇಷ್ಟ್ರು ಗ್ರೌಂಡಿಗೆ ಹತ್ತು ಸುತ್ತು ಓಡಿಸುತ್ತಿದ್ದ. ಇನ್ನು ನಮ್ಮೂರ ಫೋನು. ಲೈನ್‌ಮ್ಯಾನ್ ಬಂದು ನೋಡಿ ಹೋದ, ಏನೂ ಆಗಿಲ್ಲವಂತೆ. ಇರಲಿ. ನಿನ್ನ ಶ್ಲೇಷೆಗಳನ್ನು ಕಿವಿಯಲ್ಲಿ ಕೇಳುವುದಕ್ಕಿಂತ ಕಣ್ಣಲ್ಲಿ ಓದುವುದು ವಾಸಿ, ಬೇಡವಾದದ್ದನ್ನು ಹಾರಿಸಬಹುದು.

ಈಗ ಕೆಲಸದ ಮಾತು. ಸಂಕ್ರಾಂತಿಯಲ್ಲಿ ತಮ್ಮಯ್ಯ ಮೇಷ್ಟ್ರಿಗೆ ಲಕ್ವ ಹೊಡೆದದ್ದು ಬರೆದಿದ್ದೆ. ಎದ್ದು ಓಡಾಡುತ್ತಾರೆ, ಮಾತು ತೊದಲಿದರೂ ತಿಳಿಯುತ್ತದೆ. ಬಲಗೈ ಮಾತ್ರ ಬಂದಿಲ್ಲ. ಮೂವತ್ತೈದು ವರ್ಷ ಈ ಸೀಮೆಯ ಪೌರಾಣಿಕ ನಾಟಕಕ್ಕೆಲ್ಲ ಹಾರ್ಮೋನಿಯಂ ಹಿಡಿದ ಮನುಷ್ಯ, ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿಬಿಟ್ಟಿದ್ದರು.

ಕಳೆದ ವಾರ ಅರಕಲಗೂಡಿನ ನಾಟಕ ಸಂಘದವರು ಬಂದರು. ಇಬ್ಬರು ಬಸ್ ಕಂಡಕ್ಟರು, ಒಬ್ಬ ಆಲೂಗಡ್ಡೆ ವ್ಯಾಪಾರಿ, ಮಿಕ್ಕವರು ಬೇಸಾಯದವರು. ತಮ್ಮಯ್ಯ ಮೇಷ್ಟ್ರ ಮಟ್ಟಿನಲ್ಲೇ ಹಾಡಬೇಕು ಅಂತ ಹಠ. ಮೇಷ್ಟ್ರು, "ಬೆರಳೇ ಓದ್ಮೇಲೆ ನಾನ್ಯಾವ ಮೇಷ್ಟ್ರಲಾ" ಅಂದು ಗೋಡೆ ಕಡೆ ತಿರುಗಿಕೊಂಡರು. ಆಗ ನಾನು, "ಬೆರಳು ಹೋದ್ರೇನು ಸಾ, ಕಿವಿ ಐತಲ್ಲ. ತೊಂಬತ್ಮೂರರಿಂದ ನೀವು ಹೇಳಿಕೊಟ್ಟಿದ್ದನ್ನೆಲ್ಲ ನಾನು ಕ್ಯಾಸೆಟ್ ಮಾಡಿದ್ದೆ. ಅಷ್ಟೂ ಹಾಸನದಲ್ಲಿ ವರದನ ಮನೇಲಿ ಭದ್ರವಾಗೈತೆ. ಅದನ್ನ ಹಾಕೋಣ, ಇವರು ಹಾಡಲಿ, ನೀವು ಕೂತು ತಿದ್ದಿ" ಅಂದೆ. ಮೇಷ್ಟ್ರು ಈ ಕಡೆ ತಿರುಗಿದರು. ಆಮೇಲೆ ಹೆಂಡತಿ ಲಕ್ಕಮ್ಮನನ್ನು ಕರೆದು, "ಕ್ಷೌರದೋನ್ಗೆ ಯೋಳ್ಕಳ್ಸು" ಅಂದರು. ಐದು ತಿಂಗಳಿಂದ ಗಡ್ಡ ತೆಗೆಸಿರಲಿಲ್ಲ ಕಣೋ.

ತೊಂಬತ್ತೆರಡು ಹಾಡು. ಒಂದನ್ನೂ ಎಲ್ಲೂ ಬರೆದಿಟ್ಟಿಲ್ಲ. ದಸರಾ ಕಳೆದು ಪ್ರಾಕ್ಟೀಸು ಶುರು. ಅಷ್ಟರೊಳಗೆ ಸಿ.ಡಿ. ಮಾಡಿಕೊಡು. ಚಿಕ್ಕಪ್ಪನೋ ದೊಡ್ಡಪ್ಪನೋ ನನಗೆ ಸಂಬಂಧವಿಲ್ಲ, ಹಾಡು ಮುಕ್ಕಾಗಬಾರದು.

ಕಾಂತ


ಹಾಸನ
೮ ಜುಲೈ ೨೦೦೭

ಪ್ರಿಯ ಕಾಂತ,

ಮುಕ್ಕಾಗುವುದೇ? ನಾಲ್ಕು ವರ್ಷದ ಹಿಂದೆ ದೊಡ್ಡಪ್ಪನ ಮಗ್ಗುಲಲ್ಲೇ ಟೇಪ್‌ರೆಕಾರ್ಡರ್ ಇಟ್ಟು, ಅದರ ಮೂತಿಗೆ ಮೈಕು ಹಿಡಿದು, ಮೂರು ತಿಂಗಳು ಪ್ರತಿಯೊಂದು ಕ್ಯಾಸೆಟ್ಟನ್ನೂ ಮುಂದೆ ಕೂತು ಕೇಳಿ ತುಂಬಿಸಿದವನು ನಾನು. ಆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುತ್ತದೆ, ಇನ್ನು ಎಸೆ ಎಂದು ನಿನಗೆ ಹೇಳಿದವನೂ ನಾನೇ. ವಿಜ್ಞಾನದ ಮೇಲೆ ಅಷ್ಟು ಭರವಸೆ.

ಚಿಕ್ಕಪ್ಪ ತಯಾರಾಗುತ್ತಿದ್ದಾನೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗೈಯಗಲದ ಬೋರ್ಡು ಸಿಕ್ಕಿತು. ಎರಡು ಪುಟ್ಟ ಡಿಸ್ಕು, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುತ್ತದೆ. ಒಂದು ಸತ್ತರೆ ಇನ್ನೊಂದು ಮನೆ ನಡೆಸುತ್ತದೆ. ದೊಡ್ಡಪ್ಪ ಇನ್ನೂರ ಅರವತ್ತು ವಾಟ್ ಕುಡಿಯುವ ಜಾಗದಲ್ಲಿ ಇವನಿಗೆ ಹದಿನೆಂಟು ಸಾಕು. ಕರೆದರೂ ಬಾರದ ನೆಂಟನಂಥ ನಮ್ಮ ಕರೆಂಟು ಹೋದರೂ ಸ್ಕೂಟರಿನ ಬ್ಯಾಟರಿಯಲ್ಲಿ ಅರ್ಧ ದಿನ ಓಡಿಸಬಹುದು. ಡಬ್ಬದ ಕೆಲಸದವನ ಹತ್ತಿರ ಒಂದು ದಪ್ಪ ನಿಘಂಟಿನ ಅಳತೆಗೆ ತಗಡಿನ ಪೆಟ್ಟಿಗೆ ಮಾಡಿಸಿದೆ. ಹಂಸಳ ಕಣ್ಣಿಗೆ ಯಂತ್ರದಂತೆ ಕಾಣಬಾರದೆಂದು ಬೆನ್ನಿಗೂ ಮುಖಕ್ಕೂ ರಟ್ಟು ಕಟ್ಟಿ, ಬ್ರೌನ್ ಪೇಪರ್ ಹಾಕಿ, ಪುಸ್ತಕದ ಕಪಾಟಿನಲ್ಲಿ ನಿಘಂಟುಗಳ ನಡುವೆ ನಿಲ್ಲಿಸಿದ್ದೇನೆ. ಗಾಳಿಗೆ ಹಿಂಬದಿಯಲ್ಲಿ ತೂತುಗಳಿವೆ. ನಿನ್ನೆ ಪರೀಕ್ಷಾರ್ಥ ಓಡಿಸಿದೆ. ಅದರ ಮುಂದೆಯೇ ಅರ್ಧ ಗಂಟೆ ಧೂಳು ಹೊಡೆದ ಹಂಸಳಿಗೆ ಅದು ಓಡುತ್ತಿರುವುದೇ ತಿಳಿಯಲಿಲ್ಲ!

ದಸರಾ ರಜಕ್ಕೆ ನಕಲಿನ ಮುಹೂರ್ತ. ಒಂದು ಸ್ವರ ಕಳೆದರೂ ನನ್ನ ಮೀಸೆ ನಿನ್ನ ಕ್ಷೌರದವನಿಗೆ.

ವರದ


ಹಾಸನ
೨೦ ಅಕ್ಟೋಬರ್ ೨೦೦೭, ಆಯುಧಪೂಜೆ

ಪ್ರಿಯ ಕಾಂತ,

ಆಯಿತು! ದೊಡ್ಡಪ್ಪ ಹೋದ. ನಡುಮನೆಯ ಆ ಮೂಲೆಯಲ್ಲಿ ಈಗ ಅಮ್ಮನ ಹತ್ತಿಯ ಚೀಲ ಕೂತಿದೆ.

ಸೋಮವಾರ ಸಂಜೆ ನಕಲಿಗೆ ಹಚ್ಚಿ, ಉತ್ತರಪತ್ರಿಕೆ ತಿದ್ದಲು ಮೈಸೂರಿಗೆ ಹೋದೆ. ಮುದಿ ದೊಡ್ಡಪ್ಪ ಒಂದೊಂದೇ ತುತ್ತು ಉಣ್ಣಿಸಬೇಕಲ್ಲ, ಗುರುವಾರ ಮುಂಜಾನೆಗೆ ಮುಗಿಯುತ್ತದೆಂದು ಲೆಕ್ಕ ಹಾಕಿದ್ದೆ. ಗುರುವಾರ ಸಂಜೆ ಗುಜರಿ ಪಾಪಯ್ಯ ಬಂದು ದೊಡ್ಡಪ್ಪನನ್ನು ಎತ್ತಿಕೊಂಡು ಹೋಗಬೇಕೆಂದು ಮೊದಲೇ ಹೇಳಿದ್ದೆ. ನಿನ್ನೆ ಬಂದು ನೋಡಿದರೆ ಮೂಲೆ ಖಾಲಿ.

ಇನ್ನೊಂದು ತಮಾಷೆ ಕೇಳು. ಬುಧವಾರ ಮೂಲಾ ನಕ್ಷತ್ರ, ಎಂದಿನಂತೆ ಅಮ್ಮ ಸರಸ್ವತಿ ಪೂಜೆಗೆ ಪುಸ್ತಕಗಳನ್ನು ಜೋಡಿಸಿದ್ದಾಳೆ. ಆ ಸಾಲಿನ ತುದಿಯಲ್ಲಿ ರೇಷ್ಮೆ ವಸ್ತ್ರ ಹೊದ್ದು, ಕುಂಕುಮ ಇಟ್ಟುಕೊಂಡು ಕೂತಿದ್ದಾನೆ ನಮ್ಮ ಚಿಕ್ಕಪ್ಪ! ಆರು ವರ್ಷ ದುಡಿದ ದೊಡ್ಡಪ್ಪನಿಗೆ ಒಂದು ನಿಂಬೆಹಣ್ಣೂ ಸಿಕ್ಕಿರಲಿಲ್ಲ. ನಾಳೆ ವಿಜಯದಶಮಿಯ ವಿಸರ್ಜನೆ ಆಗುವವರೆಗೆ ಮುಟ್ಟುವಂತಿಲ್ಲ. ಆಮೇಲೆ ಸಿ.ಡಿ. ಮಾಡಿ ವಾರದಲ್ಲಿ ಕಳಿಸುತ್ತೇನೆ.

ಮನೆ ಎಷ್ಟು ನಿಶ್ಶಬ್ದವಾಗಿದೆಯೆಂದರೆ, ಈ ಕಾಗದ ಬರೆಯುತ್ತ ಕೂತಲ್ಲಿಂದ ಅಮ್ಮ ಬತ್ತಿ ಹೊಸೆಯುವ ಸದ್ದು ಕೇಳಿಸುತ್ತಿದೆ. ಸರ್ ಸರ್ ಎಂದು. ಆರು ವರ್ಷದಲ್ಲಿ ಇದೇ ಮೊದಲು.

ಹಬ್ಬದ ಶುಭಾಶಯ. ಮೇಷ್ಟ್ರಿಗೆ ನಮಸ್ಕಾರ ತಿಳಿಸು.

ವರದ


ಹಳ್ಳಿಮೈಸೂರು
೩೦ ಅಕ್ಟೋಬರ್ ೨೦೦೭

ವರದ,

ಸಿ.ಡಿ. ಬಂದಿಲ್ಲ. ಅಂಚೆಯ ಪಾಡೇನೋ ಅಂತ ಹೊಳೆನರಸೀಪುರದ ಪೋಸ್ಟಾಫೀಸಿಗೂ ಹೋಗಿ ಕೇಳಿದೆ. ಅರಕಲಗೂಡಿನವರು ಭಾನುವಾರ ಬರುತ್ತಾರೆ. ಮೇಷ್ಟ್ರು ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಲಕ್ಕಮ್ಮನ ಕೈಲಿ ಒರೆಸಿಸಿ ಇಟ್ಟುಕೊಂಡಿದ್ದಾರೆ. ಸ್ಕೂಲಿನ ಸಿ.ಡಿ. ಪ್ಲೇಯರ್ ನಾನೇ ಹೊತ್ತುಕೊಂಡು ಹೋಗಿ ಅವರ ಜಗಲಿ ಮೇಲೆ ಇಟ್ಟೆ. ಬೇಗ ಕಳಿಸು.

ಕಾಂತ


ಹಾಸನ
೫ ನವೆಂಬರ್ ೨೦೦೭

ಪ್ರಿಯ ಕಾಂತರಾಜು,

ನಿನ್ನ ಪತ್ರ ತಲುಪಿತು. ಸಿ.ಡಿ. ಬರೆಯುವ ಉಪಕರಣ ರಿಪೇರಿಯಲ್ಲಿದೆ. ಕಾಲೇಜಿನಲ್ಲಿ ಕೆಲಸವೂ ಹೆಚ್ಚು. ಸ್ವಲ್ಪ ವಿಳಂಬವಾಗುತ್ತದೆ, ಅನ್ಯಥಾ ಭಾವಿಸಬೇಡ.

ಇಲ್ಲಿ ಚಳಿ ಶುರುವಾಗಿದೆ. ಮೀಟರ್ ಓದುವವನು ಬಂದಿದ್ದ. ಯೂನಿಟ್ಟು ಇಳಿದಿಲ್ಲ. ಮೀಟರೇ ಕೆಟ್ಟಿರಬೇಕು, ದೂರು ಬರೆದು ಕೊಡುತ್ತೇನೆ.

ಎಲ್ಲರೂ ಕ್ಷೇಮ.

ಇಂತಿ,
ವರದರಾಜ


ಹಳ್ಳಿಮೈಸೂರು
೧೧ ನವೆಂಬರ್ ೨೦೦೭

ವರದ,

ನಿನ್ನ ಕಾಗದ ಮೂರು ಸಲ ಓದಿದೆ. ಇಪ್ಪತ್ತೈದು ವರ್ಷದಿಂದ ನಿನ್ನ ಕಾಗದ ಓದುತ್ತಿದ್ದೇನೆ, ನಿಮ್ಮಪ್ಪ ತೀರಿಕೊಂಡಾಗ ಬರೆದದ್ದರಲ್ಲೂ ಒಂದು ಶ್ಲೇಷೆ ಇತ್ತು. ಇದರಲ್ಲಿ ಒಂದೂ ಇಲ್ಲ. "ಅನ್ಯಥಾ ಭಾವಿಸಬೇಡ" ಅಂತೆ! ನನಗೆ ಅಂತ ಬರೆಯುವ ಮಾತಾ ಅದು?

ನಾನು ಅನ್ಯಥಾ ಭಾವಿಸಿಯೇ ಬಿಟ್ಟೆ. ಕಾಲೇಜು ಪ್ರೊಫೆಸರಿಗೆ ಹಳ್ಳಿ ನಾಟಕದ ಕೆಲಸ ಹಗುರವಾಯಿತೇನೋ ಅಂತ ಎರಡು ದಿನ ಕುದ್ದುಹೋದೆ. ದೀಪಾವಳಿ ಹೋಳಿಗೆಯೂ ರುಚಿಸಲಿಲ್ಲ.

ಭಾನುವಾರ ಸಂಘದವರು ಬಂದು ಕೂತರು. ಮೇಷ್ಟ್ರು ಹೊಸ ಪಂಚೆ ಉಟ್ಟು ಕೂತಿದ್ದರು. ಹಾಕೋಕೆ ಏನೂ ಇಲ್ಲ. ಕಂಡಕ್ಟರ್ ಒಬ್ಬ ನನ್ನನ್ನು ಪಕ್ಕಕ್ಕೆ ಕರೆದು, "ಸಾ, ಚನ್ನರಾಯಪಟ್ಣದಾಗೆ ಇನ್ನೊಬ್ರು ಮೇಷ್ಟ್ರವ್ರೆ, ಕೀಬೋರ್ಡು ಮಡಗವ್ರೆ. ತಿಂಗ್ಳು ಮುಗಿಯೋಗಂಟ ನೋಡ್ತೀವಿ, ಆಮ್ಯಾಕೆ ಬೇಜಾರ್ ಮಾಡ್ಕಬ್ಯಾಡಿ" ಅಂದ. ಪಿಸುಗುಟ್ಟಿದ್ದೇ. ಆದರೆ ಮೇಷ್ಟ್ರ ಕಿವಿ ನಿನಗೆ ಗೊತ್ತಲ್ಲ. ಅವರು ಹೋದಮೇಲೆ, "ಪೆಟ್ಗೆ ವಾಪಸ್ ಮ್ಯಾಕ್ ಮಡಗ್ಬುಡ್ಲಾ ಕಾಂತ" ಅಂದರು. ನಾನು ಮಡಗಲಿಲ್ಲ.

ಏನಾಗಿದೆ ಹೇಳು.

ಕಾಂತ


ಹಾಸನ
೧೪ ನವೆಂಬರ್ ೨೦೦೭

ಕಾಂತ,

ಮೇಷ್ಟ್ರ ಹಾಡುಗಳು ನನ್ನ ಹತ್ತಿರ ಇಲ್ಲ.

ವಿಜಯದಶಮಿಯ ದಿನ ವಿಸರ್ಜನೆ ಮುಗಿಸಿ ಚಿಕ್ಕಪ್ಪನ ಮೈಮೇಲಿನ ಅಕ್ಷತೆ ಕೊಡವಿ ಹಚ್ಚಿದೆ. ನಕಲು ಅರ್ಧಕ್ಕೇ ನಿಂತಿತ್ತು. ಅಮ್ಮ ಅವನನ್ನು ಕಪಾಟಿನಿಂದ ಎತ್ತಿದ್ದು ಬುಧವಾರ. ನಕಲು ಮುಗಿಯಬೇಕಿದ್ದದ್ದು ಗುರುವಾರ. ಎರಡೂ ದಿನದ ಹೆಸರನ್ನು ನಿನಗೆ ಬರೆದ ಕಾಗದದಲ್ಲಿ ನಾನೇ ಬರೆದಿದ್ದೆ, ಜೊತೆಗಿಟ್ಟು ನೋಡಿರಲಿಲ್ಲ. ಮಕ್ಕಳಿಗೆ ಕಾಲ, ವೇಗ, ದೂರ ಪಾಠ ಮಾಡುವವನು.

ಅಮ್ಮನನ್ನು ಮೆಲ್ಲಗೆ ಕೇಳಿದೆ. "ಪುಸ್ತಕ ಅಂತಲೇ ತೆಗೆದೆ ಕಣೋ. ಹಿಂದುಗಡೆ ಕರೀ ದಾರ ಬಿಟ್ಟಿತ್ತು. ಓದಿದ ಜಾಗಕ್ಕೆ ಗುರುತಿಗೆ ಇಟ್ಟಿದ್ದೀಯ ಅಂದ್ಕೊಂಡೆ. ಇಷ್ಟುದ್ದ ಯಾಕಪ್ಪಾ ಅಂತ ಎಳೆದೆ, ಬಂತು" ಅಂದಳು. ದೊಡ್ಡಪ್ಪನಾಗಿದ್ದರೆ ಮುಟ್ಟುವ ಮೊದಲೇ ಗುಡುಗಿ ಹೆದರಿಸುತ್ತಿದ್ದ. ಇವನು ಪುಟ್ಟದು, ಸದ್ದಿಲ್ಲದ್ದು. ಪುಸ್ತಕದ ಗಾತ್ರಕ್ಕೆ ಮಾಡಿಸಿ, ರಟ್ಟು ಕಟ್ಟಿದವನು ನಾನು. ಅವಳನ್ನು ಏನೆನ್ನಲಿ? ಹಾಡು ಹೋದ ವಿಷಯ ಅವಳಿಗೂ ಹಂಸಳಿಗೂ ಹೇಳಿಲ್ಲ. ಹೇಳಿದರೆ ಅಮ್ಮ ಊಟ ಬಿಡುತ್ತಾಳೆ.

ನಕಲು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ನಡೆದಿತ್ತು. ವಾರ್ಷಿಕೋತ್ಸವದಲ್ಲಿ ನಾನು ಮಾಡಿದ ಹದಿನಾಲ್ಕು ಭಾಷಣಗಳೂ 'ಎ' ಅಕ್ಷರದಲ್ಲಿ ಕ್ಷೇಮವಾಗಿವೆ. ತಮ್ಮಯ್ಯನವರ 'ಟಿ' ಬರುವಷ್ಟರಲ್ಲಿ ದಾರ ಎಳೆದಾಗಿತ್ತು. ದೊಡ್ಡಪ್ಪ ಗುಜರಿಗೆ ಹೋಗಿಯಾಗಿತ್ತು. ಪಾಪಯ್ಯ ಎರಡು ದಿನದಲ್ಲಿ ಎಲ್ಲವನ್ನೂ ಬೆಂಗಳೂರಿನ ಲಾರಿಗೆ ಹಾಕುತ್ತಾನೆ.

ನಿನ್ನ ಹತ್ತಿರ ಆ ಕ್ಯಾಸೆಟ್ಟುಗಳು ಎಲ್ಲಾದರೂ ಉಳಿದಿವೆಯೇ? ಎಸೆ ಎಂದಿದ್ದೆ. ನೀನು ನನ್ನ ಮಾತು ಕೇಳದವನು, ಅದೊಂದೇ ಆಸೆ.

ವರದ


ಹಳ್ಳಿಮೈಸೂರು
೧೭ ನವೆಂಬರ್ ೨೦೦೭

ವರದ,

ಅದೊಂದು ಸಲ ನಿನ್ನ ಮಾತು ಕೇಳಿದ್ದೆ ಕಣೋ.

ಕ್ಯಾಸೆಟ್ಟುಗಳನ್ನು ಎಸೆಯಲು ಮನಸ್ಸು ಬರದೆ ಲಕ್ಕಮ್ಮನಿಗೆ ಕೊಟ್ಟೆ. ಅವಳು ಒಳಗಿನ ಟೇಪು ಎಳೆದು ರಾಗಿ ಹೊಲದ ಸುತ್ತ ಗೂಟದಿಂದ ಗೂಟಕ್ಕೆ ಬಿಗಿದಳು. ಗಾಳಿಗೆ ಗುಂಯ್ ಅನ್ನುತ್ತದೆ, ಬಿಸಿಲಿಗೆ ಮಿಂಚುತ್ತದೆ, ಗುಬ್ಬಿ ಹತ್ತಿರ ಬರಲ್ಲ. ನಾಲ್ಕು ಬೆಳೆ ಕಾದಿದೆ. ನಿನ್ನ ಕಾಗದ ಓದಿದ ಸಂಜೆ ಹೋಗಿ ನೋಡಿದೆ. ಮುಟ್ಟಿದರೆ ಪುಡಿ. ಈ ವಿಷಯ ನಾನೂ ನಿನಗೆ ಬರೆದಿರಲಿಲ್ಲ. ನಿನ್ನ ಹತ್ತಿರ ಭದ್ರವಾಗಿದೆಯಲ್ಲ ಅಂತ ಸುಮ್ಮನಿದ್ದೆ. ಆದ್ದರಿಂದ ಬೈಯುವ ಹಕ್ಕು ನನಗೂ ಪೂರ್ತಿ ಇಲ್ಲ, ಮುಕ್ಕಾಲು ಇದೆ.

ಹೊಲದ ಬದುವಿನ ಮೇಲೆ ಮೇಷ್ಟ್ರು ಕೂತಿದ್ದರು. ಎಲ್ಲ ಹೇಳಿದೆ. ಟೇಪಿನ ಕಡೆ ಕೈ ತೋರಿಸಿ, "ನಂಗೊತ್ತಿಲ್ವಾ? ಅಗಾ ಆ ಮೂಲೇದು ಬರೀ ತಾಳ, ಈ ಕಡೀದು ಬರೀ ಶ್ರುತಿ. ಓಗ್ಲಿ ಬುಡು, ನನ್ ಸಂಗೀತಕ್ಕೆ ಗುಬ್ಬಿಗ್ಳಾದ್ರೂ ಎದುರ್ಕೊಂಡ್ವು" ಅಂದು ನಕ್ಕರು. ನಕ್ಕಮೇಲೆ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

ಒಂದು ಕೇಳ್ತೀನಿ. ಪಾಪಯ್ಯ ಲಾರಿಗೆ ಹಾಕುತ್ತಾನೆ ಅಂತ ಬರೆದಿದ್ದೀಯ. ಹೋಗಿ ಕೇಳಿದೆಯಾ? ನಿನ್ನ ಬುದ್ಧಿ ನನಗೆ ಗೊತ್ತು, ಗುಜರಿಯವನ ಮುಂದೆ ಪೆದ್ದನಾಗಬೇಕಲ್ಲ ಅಂತ ಹೋಗಿರುವುದಿಲ್ಲ. ಈ ಕಾಗದ ಕೈಗೆ ಬಂದ ತಕ್ಷಣ ಚಪ್ಪಲಿ ಮೆಟ್ಟಿಕೊಂಡು ಹೋಗು.

ಕಾಂತ


ಹಾಸನ
೨೪ ನವೆಂಬರ್ ೨೦೦೭

ಪ್ರಿಯ ಕಾಂತ,

ಇದರ ಜೊತೆಗಿನ ಕಟ್ಟು ಬಿಚ್ಚಿ ನೋಡು. ಎಂಟು ಸಿ.ಡಿ. ನಲವತ್ತೊಂದು ಕ್ಯಾಸೆಟ್ಟು, ತೊಂಬತ್ತೆರಡು ಹಾಡು, ಒಂದು ಸ್ವರವೂ ಮುಕ್ಕಿಲ್ಲ. ಮೀಸೆ ಉಳಿಯಿತು!

ಹೇಗೆಂದು ಕೇಳುತ್ತೀಯ. ಒಂದು ದೊಡ್ಡ ಸಾಹಸ. ಗುಜರಿಯ ಜಾಡು ಹಿಡಿದು ಮೂರು ತಾಲ್ಲೂಕು ಅಲೆದೆ. ಕಡೆಗೆ ಚನ್ನರಾಯಪಟ್ಟಣದ ಆಚೆ ಒಂದು ಶೆಡ್ಡಿನಲ್ಲಿ, ಸುತ್ತಿಗೆಯ ಪೆಟ್ಟಿಗೆ ಇನ್ನೇನು ಗುರಿಯಾಗಲಿದ್ದ ದೊಡ್ಡಪ್ಪನನ್ನು ಪತ್ತೆ ಹಚ್ಚಿ, ವಿದ್ಯೆಯನ್ನೆಲ್ಲ ಬಳಸಿ ಡಿಸ್ಕುಗಳನ್ನು ಮಾತಾಡಿಸಿದೆ. ಹಾರ್ಡ್ ಡಿಸ್ಕು ಹಾರಿಹೋಗಿರಲಿಲ್ಲ. ವಿವರ ಇನ್ನೊಮ್ಮೆ. ಮೇಷ್ಟ್ರ ಪೆಟ್ಟಿಗೆ ಅಟ್ಟಕ್ಕೆ ಹತ್ತದಿರಲಿ.

ವರದ


ಹಳ್ಳಿಮೈಸೂರು
೧೫ ಜನವರಿ ೨೦೦೮, ಸಂಕ್ರಾಂತಿ

ಲೇ ವರದ,

ಶನಿವಾರ ಅರಕಲಗೂಡಿನಲ್ಲಿ ನಾಟಕ ಆಯಿತು. ಪರೀಕ್ಷೆ ಕೆಲಸ ಅಂತ ನೀನು ಬರಲಿಲ್ಲ, ನಿನಗೇ ನಷ್ಟ.

ಆರು ವಾರ ಮೇಷ್ಟ್ರ ಜಗಲಿ ಮೇಲೆ ಪ್ರಾಕ್ಟೀಸು. ಸಿ.ಡಿ. ಹಾಡಬೇಕು, ಇವರು ಹಾಡಬೇಕು, ಮೇಷ್ಟ್ರು ಉಗಿಯಬೇಕು. ಆಲೂಗಡ್ಡೆ ವ್ಯಾಪಾರಿಗೆ, "ಮೂಟೆ ಇಳಿಸ್ದಂಗೆ ಇಳಿಸ್ಬ್ಯಾಡ ಕಣ್ಲಾ, ಸ್ವರ ಅದು" ಅಂತ ದಿನಕ್ಕೆ ಹತ್ತು ಸಲ. ನಾಟಕದ ದಿನ ಏನು ಮಾಡಿದರು ಗೊತ್ತಾ? ಹಾರ್ಮೋನಿಯಂ ಹಿಂದೆ ತಾವೇ ಕೂತರು. ತಿದಿ ಒತ್ತೋದು ಎಡಗೈ ತಾನೆ, ಅದು ನೆಟ್ಟಗಿದೆ. ಕಪ್ಪು ಬಿಳಿ ಮನೆಗಳನ್ನು ಬೆರಳಲ್ಲಿ ಒತ್ತೋಕೆ ತಮ್ಮ ಹಳೇ ಶಿಷ್ಯನನ್ನು ಬಲಗಡೆ ಕೂರಿಸಿಕೊಂಡರು. ಗಾಳಿ ಮೇಷ್ಟ್ರದು, ಬೆರಳು ಶಿಷ್ಯಂದು. ಶಿಷ್ಯ ತಪ್ಪಿದ ಕಡೆ ತಿದಿ ನಿಲ್ಲಿಸಿಬಿಡೋರು, ಪೆಟ್ಟಿಗೆ ಉಸಿರೇ ಬಿಡ್ತಿರಲಿಲ್ಲ! ಜನ ಶಿಳ್ಳೆ ಹೊಡೆದರು. ಮುಂದಿನ ವರ್ಷಕ್ಕೆ ಇನ್ನೆರಡು ಊರಿನವರು ಬಂದು ವೀಳ್ಯ ಕೊಟ್ಟು ಹೋಗಿದ್ದಾರೆ. ಲಕ್ಕಮ್ಮ ನಿನಗೆ ಅಂತ ಒಂದು ಚೀಲ ಅವರೆಕಾಯಿ ಕೊಟ್ಟಿದ್ದಾಳೆ.

ನಾಟಕಕ್ಕೆ ಮುಂಚೆ ಮೈಕಿನಲ್ಲಿ ನಿನ್ನ ಸಾಹಸವನ್ನೂ ಹೇಳಿದೆ. ಮೂರು ತಾಲ್ಲೂಕು, ಶೆಡ್ಡು, ಸುತ್ತಿಗೆ, ಎಲ್ಲ. ಚಪ್ಪಾಳೆ ಬಿತ್ತು. ನಿನ್ನನ್ನು ಕಂಡರೆ ಟಿಕೆಟ್ ಹರಿಯುವುದಿಲ್ಲ ಅಂತ ಕಂಡಕ್ಟರುಗಳು ಹೇಳಿದ್ದಾರೆ, ಸರ್ಕಾರಿ ಬಸ್ಸು, ನೀನು ಕೊಟ್ಟೇ ಕೊಡು.

ಒಂದು ವಿಚಿತ್ರ. ಮೊದಲ ಸಿ.ಡಿ. ಹಾಕಿದ ಕೂಡಲೇ ಮೇಷ್ಟ್ರು ಕೈ ಎತ್ತಿ ನಿಲ್ಲಿಸಿ, "ನನ್ ಪೆಟ್ಗೆ ಹಿಂದ್ಗಡೆ ಸಣ್ಣಕೆ ಕುಂಯ್ ಅಂತ ಒಂದು ಶ್ರುತಿ ಬತ್ತಾ ಐತಲ್ಲ, ಅದ್ಯಾರ್ಲಾ ಇಡ್ದಿರೋದು?" ಅಂದರು. ಕೇಳಿದರೆ ಹೌದು, ಎಂಟು ಸಿ.ಡಿ.ಯಲ್ಲೂ ಇದೆ, ಶುರುವಿನಿಂದ ಕೊನೆತನಕ. ನಮ್ಮ ಎಲ್ಲರಿಗೂ ಕೇಳುತ್ತದೆ. ಅದು ದೊಡ್ಡಪ್ಪನ ಫ್ಯಾನು ಅಂತ ನನಗೆ ಹೊಳೆಯಿತು, ಅವನ ಮಗ್ಗುಲಲ್ಲೇ ಮೈಕು ಇಟ್ಟಿದ್ದೆಯಲ್ಲ. ಎರಡನೇ ಕಪ್ಪು ಮನೆಗೆ ಸರಿಯಾಗಿ ನಿಲ್ಲುತ್ತದಂತೆ. "ಇದು ಇರ್ಲಿ, ಶ್ರುತಿ ಪೆಟ್ಗೆ ಬ್ಯಾರೆ ಬ್ಯಾಡ" ಅಂದರು ಮೇಷ್ಟ್ರು. ಅದೇ ಶ್ರುತಿಗೇ ಎಲ್ಲರೂ ಕಲಿತರು.

ಆದರೆ ಮೂರು ತಿಂಗಳು ಮುಂದೆ ಕೂತು ಪ್ರತಿಯೊಂದನ್ನೂ ಕೇಳಿ ತುಂಬಿಸಿದೆ ಅಂದಿದ್ದೆಯಲ್ಲ. ನಿನಗೆ ಅದು ಕೇಳಿಸಲಿಲ್ಲವಾ?

ಕಾಂತ


ಹಾಸನ
೨೬ ಜನವರಿ ೨೦೦೮

ಪ್ರಿಯ ಕಾಂತ,

ಅವರೆಕಾಯಿ ತಲುಪಿತು. ಹಂಸ ಹಿಸುಕುತ್ತಿದ್ದಾಳೆ.

ನಿನ್ನ ಕಾಗದ ಓದಿ ಆ ಸಿ.ಡಿ. ಹಾಕಿಕೊಂಡು ಕಿವಿ ಆನಿಸಿ ಕೂತೆ. ಹಾರ್ಮೋನಿಯಂ ಇತ್ತು, ಮೇಷ್ಟ್ರ ಬೈಗುಳ ಇತ್ತು, ಕುಂಯ್ ಇರಲಿಲ್ಲ. ಹಂಸಳನ್ನು ಕರೆದು ಕೇಳಿಸಿದೆ. "ಇದೇನು ಕೇಳ್ತೀರಿ, ನಿಮ್ಮ ದೊಡ್ಡಪ್ಪನ ಫ್ಯಾನು ತಾನೆ" ಅಂದಳು. ಮರುದಿನ ಕಿವಿಯ ಡಾಕ್ಟರ ಹತ್ತಿರ ಹೋದೆ. ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಒತ್ತಲು ಹೆಚ್ಚು ಕೆಲಸವಿರಲಿಲ್ಲ. ಸಣ್ಣ ಸ್ವರಗಳು ನನ್ನ ಎರಡೂ ಕಿವಿಗೆ ಬೀಳುತ್ತಿಲ್ಲವಂತೆ, ಕೆಲವು ವರ್ಷಗಳಿಂದ. "ಸದಾ ಗದ್ದಲದ ಮಷಿನ್ ಪಕ್ಕ ಕೂರುವ ಕೆಲಸವೇ?" ಎಂದು ಕೇಳಿದರು. ಕೆಲಸವಲ್ಲ ಡಾಕ್ಟರೇ, ಹವ್ಯಾಸ ಅಂದೆ. ನಿಮ್ಮೂರಿನ ಲೈನಿನ ಮೇಲೆ ನಾನು ಹೊರಿಸಿದ ಆರೋಪವನ್ನು ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ. ಲೈನ್‌ಮ್ಯಾನಿಗೆ ತಿಳಿಸು.

ಇನ್ನು ನೀನು ಮೈಕಿನಲ್ಲಿ ಹೇಳಿದ ಸಾಹಸ. ಕಾಂತ, ನಾನು ಮೂರು ತಾಲ್ಲೂಕು ಅಲೆಯಲಿಲ್ಲ. ಚನ್ನರಾಯಪಟ್ಟಣಕ್ಕೆ ಹೋಗಲೂ ಇಲ್ಲ. ನೀನು ಹೇಳಿದಂತೆ ಚಪ್ಪಲಿ ಮೆಟ್ಟಿಕೊಂಡು ಪಾಪಯ್ಯನ ಅಂಗಡಿಗೆ ಹೋದೆ, ನಮ್ಮ ಮನೆಯಿಂದ ನಾಲ್ಕು ಫರ್ಲಾಂಗು. ಅವನು ನನ್ನನ್ನೇ ದಿಟ್ಟಿಸಿ, "ನಾನ್ ಬಂದಿದ್ದೆ ಸಾ. ಮೂಲಾ ಕಳೆದ್ಮ್ಯಾಕೆ ದಶಮೀಗಂಟ ಮನೆ ಆಯುಧ ಆಚೆ ಕಳ್ಸಬಾರ್ದು ಅಂತ ಅಮ್ಮಾರು ಅಡ್ಡ ಬಂದ್ರು. ನಿಮ್ ಸ್ಟೋರ್ ರೂಮಿಗೆ ನಾನೇ ಒತ್ಕೊಂಡೋಗಿ ಮಡಗಿವ್ನಿ. ಆಮ್ಯಾಕೆ ಕರೀಲೇ ಇಲ್ವಲ್ಲ?" ಅಂದ.

ಮನೆಗೆ ಬಂದು ಸ್ಟೋರ್ ರೂಮಿನ ಬಾಗಿಲು ತೆಗೆದೆ. ಗೋಣಿಚೀಲ ಹೊದ್ದ ದೊಡ್ಡಪ್ಪ, ಹಣೆಗೆ ಕುಂಕುಮ, ತಲೆಯ ಮೇಲೆ ದೋಸೆ ಹಿಟ್ಟಿನ ಪಾತ್ರೆ. ಓಡುತ್ತಿದ್ದ. ಮುಟ್ಟಿದೆ, ಬೆಚ್ಚಗೆ ನಡುಗುತ್ತಿದ್ದ. ಚಳಿಗೆ ಹಿಟ್ಟು ಹುದುಗು ಬರುವುದಿಲ್ಲವೆಂದು ಹಂಸ ಸ್ವಿಚ್ಚು ಹಾಕಿದ್ದು ದಸರಾ ಮುಗಿದ ವಾರದಲ್ಲೇ. ಅಮ್ಮ ಹತ್ತಿಯನ್ನೂ ಅವನ ಬೆನ್ನಿಗೇ ಒಣಗಿಸುತ್ತಿದ್ದಳು. ಆ ಮೀಟರ್ ಕೆಟ್ಟಿರಲಿಲ್ಲ. ನನಗೆ ಯಾಕೆ ಹೇಳಲಿಲ್ಲವೇ ಎಂದು ಕೂಗಾಡಿದೆ. "ಹೇಳೋದೇನು ರೀ? ತಿಂಗಳಿಂದ ಮನೆಯೆಲ್ಲ ಗುಡುಗ್ತಾ ಇದೆ. ಕೇಳಿಸಿಕೊಂಡೂ ಸುಮ್ಮನಿದ್ದೀರಲ್ಲ, ಪರವಾಗಿಲ್ಲ, ಬುದ್ಧಿ ಬಂದಿದೆ ಅಂದ್ಕೊಂಡೆ" ಅಂದಳು.

ನಿನಗೆ ಹಾಡು ಹೋಯಿತೆಂದು ಬರೆದೆನಲ್ಲ, ಆ ಕಾಗದ ಬರೆಯುವಾಗಲೂ ಹಾಡುಗಳು ಗೋಡೆಯಾಚೆ ಹತ್ತು ಹೆಜ್ಜೆ ದೂರದಲ್ಲಿ ಓಡುತ್ತಿದ್ದವು.

ಈಗ ಚಿಕ್ಕಪ್ಪನಲ್ಲಿ ಎಲ್ಲವೂ ಇದೆ, 'ಟಿ' ಸಮೇತ. ಅಮ್ಮ ಅವನ ಮೇಲೆ ಸುಣ್ಣದಲ್ಲಿ "ಪುಸ್ತಕ ಅಲ್ಲ" ಎಂದು ಬರೆದಿದ್ದಾಳೆ. ದೊಡ್ಡಪ್ಪನನ್ನು ಶಿವರಾತ್ರಿಯವರೆಗೆ, ಚಳಿ ಇಳಿಯುವತನಕ, ದೋಸೆಗಾಗಿ ಉಳಿಸಿಕೊಳ್ಳುವುದೆಂದು ಮೆಜಾರಿಟಿ ನಿರ್ಣಯ.

ಇನ್ನೊಂದು ಉಳಿಯಿತು. ಆಯುಧಪೂಜೆಯ ದಿನ, ಮನೆ ಎಷ್ಟು ನಿಶ್ಶಬ್ದವೆಂದರೆ ಅಮ್ಮ ಬತ್ತಿ ಹೊಸೆಯುವ ಸದ್ದು ಸರ್ ಸರ್ ಎಂದು ಕೇಳಿಸುತ್ತಿದೆ ಅಂತ ಬರೆದಿದ್ದೆ. ನಿನ್ನೆ ಅದನ್ನು ಅಮ್ಮನಿಗೆ ಓದಿ ಹೇಳಿದೆ. ಬತ್ತಿ ಹೊಸೆದರೆ ಸದ್ದೇ ಆಗುವುದಿಲ್ಲವಂತೆ. ಎರಡು ಸಲ ಹೇಳಿದಳು, ಎರಡನೆಯ ಸಲ ಗಟ್ಟಿಯಾಗಿ.

ವರದ